ಕೌದಿಗೆ ಸೇರದ ತುಂಡು

ಮುಂಬಯಿ
೧೨ ಜೂನ್ ೧೯೫೩

ಪ್ರಿಯ ಮೋದಿನ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ನೀನು ಇದನ್ನು ಒಲೆಗೆ ಹಾಕದಿದ್ದರೆ ನನ್ನ ಪುಣ್ಯ. ನಾವು ಮಾತು ಬಿಟ್ಟು ಹನ್ನೆರಡು ವರ್ಷವಾಯಿತು. ನಿನ್ನ ತಾಯಿಯ ಬಗ್ಗೆ ನಾನು ಪತ್ರಿಕೆಯಲ್ಲಿ ಬರೆದದ್ದು, ಅದನ್ನು ಓದಿ ಮಾಮಲೇದಾರರು ನಿಮ್ಮ ಮನೆಗೆ ಸಿಪಾಯಿಯನ್ನು ಕಳಿಸಿದ್ದು, ಎರಡೂ ನೆನಪಿವೆ. ಆಗ ನಾನು ಹೊಸ ಡಾಕ್ಟರು. ಕಣ್ಣು ಹಳದಿಯಾಗುವ ಕಾಮಣಿ ಬಂದವರ ಮುಂಗೈಗೆ ಕಾಸಿದ ಸೂಜಿಯಿಂದ ಬರೆ ಹಾಕುವ ಬಾನುಬಿ ಎಂಬ ಮುದುಕಿ ಗಜೇಂದ್ರಗಡದ ತುಂಬ ರೋಗ ಹಂಚುತ್ತಿದ್ದಾಳೆ ಎಂದು ಬರೆದೆ. ಅದು ಸುಳ್ಳು. ಕೆಂಪಗೆ ಕಾದ ಸೂಜಿಯಲ್ಲಿ ಯಾವ ರೋಗವೂ ಉಳಿಯುವುದಿಲ್ಲ. ಅಷ್ಟು ಸಾಮಾನ್ಯ ಸಂಗತಿ ಆಗ ನನಗೆ ಹೊಳೆಯಲಿಲ್ಲ. ಬರೆಯಿಂದ ಕಾಮಣಿ ಗುಣವಾಗುತ್ತದೆ ಎಂದು ಈಗಲೂ ನಾನು ನಂಬುವುದಿಲ್ಲ, ಆದರೆ ಆಕೆಯ ಬಗ್ಗೆ ಹಾಗೆ ಬರೆದದ್ದಕ್ಕೆ ನಾಚಿಕೆಪಡುತ್ತೇನೆ.

ಇಷ್ಟು ಹೇಳಿ ಪತ್ರ ಮುಗಿಸಿದ್ದರೆ ನಾನು ಒಳ್ಳೆಯವನು ಅನ್ನಿಸಿಕೊಳ್ಳುತ್ತಿದ್ದೆ. ನನಗೆ ಒಂದು ಕೆಲಸ ಆಗಬೇಕಾಗಿದೆ.

ಇಲ್ಲಿ ನಾನು ಯಕೃತ್ತಿನ ಕ್ಯಾನ್ಸರ್ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ಬಲ ಪಕ್ಕೆಯ ಕೆಳಗೆ ಗಡ್ಡೆ ಬೆಳೆದು ನಾಲ್ಕು ತಿಂಗಳಲ್ಲಿ ಮನುಷ್ಯನನ್ನು ಮುಗಿಸುವ ರೋಗ. ಚಿಕ್ಕಂದಿನಲ್ಲಿ ಕಾಮಣಿ ಬಂದು ಹೋದವರಲ್ಲಿ ಕೆಲವರಿಗೆ ಇಪ್ಪತ್ತು ಮೂವತ್ತು ವರ್ಷದ ಮೇಲೆ ಇದು ಬರುತ್ತದೆ ಎಂದು ನನ್ನ ಸಂಶಯ. ಆದರೆ ಮೂವತ್ತು ವರ್ಷದ ಹಿಂದೆ ಯಾರಿಗೆ ಕಾಮಣಿ ಬಂದಿತ್ತು ಎಂದು ಯಾವ ದವಾಖಾನೆಯಲ್ಲಿ ಬರೆದಿಟ್ಟಿದ್ದಾರೆ? ನನಗೆ ಗೊತ್ತಿರುವ ಮಟ್ಟಿಗೆ ಅದನ್ನು ಬಲ್ಲವಳು ಒಬ್ಬಳೇ. ರೋಣ, ನರಗುಂದ, ಗಜೇಂದ್ರಗಡದ ಸುತ್ತ ಎಡ ಮುಂಗೈ ಮೇಲೆ ಮೂರು ಗೆರೆ ಇದ್ದವರೆಲ್ಲ ಆಕೆಯ ಕೈ ದಾಟಿ ಬಂದವರು. ನನ್ನ ಕೈ ಮೇಲೂ ಇವೆ. ಅಂಗಿಯ ತೋಳಿನಲ್ಲಿ ಮುಚ್ಚಿಕೊಂಡು ತಿರುಗುತ್ತೇನೆ.

ಆಕೆಯನ್ನು ಕೇಳುತ್ತೀಯಾ?

ನಿನ್ನ
ಅಂದಾನಪ್ಪ


ಗಜೇಂದ್ರಗಡ
೨ ಜುಲೈ ೧೯೫೩

ಡಾಕ್ಟರ್ ಸಾಹೇಬರಿಗೆ,

ಒಲೆಗೆ ಹಾಕಲಿಲ್ಲ. ಮಳೆಯಲ್ಲಿ ಕಟ್ಟಿಗೆ ನೆನೆದು ಉರಿ ಹತ್ತದೆ ಕೂತಿತ್ತು, ಆದರೂ ಹಾಕಲಿಲ್ಲ.

ನಾನು ಸಾಲಿ ಮಾಸ್ತರ. ನಿನ್ನ ಹಾಗೆ ದೊಡ್ಡ ಊರಿಗೆ ಹೋಗಲಿಲ್ಲ. ಅಪ್ಪ ತೀರಿದ ಮೇಲೆ ಮಗ್ಗ ನಿಂತಿದೆ, ಅವ್ವನ ಸೂಜಿ ನಿಂತಿಲ್ಲ. ಕಣ್ಣಿಗೆ ಪೊರೆ ಬಂದಿದೆ, ಬೆರಳೇ ಆಕೆಗೆ ಕಣ್ಣು. ನಿನ್ನ ಪತ್ರವನ್ನು ಓದಿ ಹೇಳಿದೆ. ಪತ್ರಿಕೆಯ ಮಾತಿಗೆ ಆಕೆ ತಲೆ ಕೆಡಿಸಿಕೊಳ್ಳಲಿಲ್ಲ. ಸಿಪಾಯಿ ಬಂದ ದಿನ ಆಕೆ ಅತ್ತದ್ದನ್ನು ನೋಡಿದವನು ನಾನು, ಹಾಗಾಗಿ ನನ್ನ ಸಿಟ್ಟು ಹಾಗೇ ಇದೆ. ಆಕೆ ಕೇಳಿದ್ದು ಒಂದೇ: "ಅಂದಾನೀದು? ಕೈ ಹ್ಯಾಂಗದ ಅಂತ ಕೇಳು ಅವನ್ನ. ಅವ ಇನ್ನೂ ಕೈ ತೋರಿಸಿಲ್ಲ."

ನಮ್ಮ ಮನೆಯ ಪದ್ಧತಿ ನೀನು ಮರೆತಿರಬಹುದು. ಬರೆ ಹಾಕಿದ ದಿನ ಅವ್ವ ರೋಗಿಯ ಬಟ್ಟೆಯ ಅಂಚಿನಿಂದ ಒಂದು ತುಂಡು ಹರಿದು ಗಡಿಗೆಯಲ್ಲಿ ಹಾಕುತ್ತಾಳೆ. ನಲವತ್ತು ದಿನಕ್ಕೆ ಅವರು ತಿರುಗಿ ಬಂದು ಕೈ ತೋರಿಸಬೇಕು. ಗೆರೆ ಮಾಯ್ದದ್ದನ್ನು ಬೆರಳಿನಿಂದ ಸವರಿ ನೋಡಿ, ತುಂಡನ್ನು ಗಡಿಗೆಯಿಂದ ತೆಗೆದು ತನ್ನ ಕೌದಿಗೆ ಹೊಲಿದುಬಿಡುತ್ತಾಳೆ. ಅಲ್ಲಿಗೆ ಅವರು ಗುಣವಾದ ಹಾಗೆ. ಕೈ ತೋರಿಸದವರ ತುಂಡು ಗಡಿಗೆಯಲ್ಲೇ ಉಳಿಯುತ್ತದೆ. ನಿನಗೆ ಬರೆ ಹಾಕಿ ಇಪ್ಪತ್ತು ದಿನಕ್ಕೇ ನಿಮ್ಮಪ್ಪ ನಿನ್ನನ್ನು ಹುಬ್ಬಳ್ಳಿಯ ಸಾಲೆಗೆ ಕಳಿಸಿದರು. ಸೂಟಿಗೆ ಬಂದಾಗಲೆಲ್ಲ ನನ್ನೊಂದಿಗೆ ಗುಡ್ಡ ಹತ್ತಿದೆ, ನಮ್ಮ ಮನೆಯಲ್ಲಿ ಉಂಡೆ, ಕೈ ತೋರಿಸು ಎಂದರೆ ಮಾತ್ರ "ನಾಳೆ" ಎಂದೆ.

ಅವ್ವ ಎಲ್ಲ ಹೇಳುತ್ತಾಳಂತೆ. ನಲವತ್ತು ವರ್ಷದ ತುಂಡುಗಳಿವೆ. ನೇಕಾರರ ಮನೆಯವಳು, ಬಟ್ಟೆ ಮುಟ್ಟಿದರೆ ಮನುಷ್ಯ ನೆನಪಾಗುತ್ತಾನೆ. ಆದರೆ ನೀನು ಬಂದು ಕೈ ತೋರಿಸಬೇಕು. ಇದು ಆಕೆಯ ಮಾತು, ನನ್ನದಲ್ಲ.

ಮೋದಿನಸಾಬ


ಗಜೇಂದ್ರಗಡ
೨೪ ಜನವರಿ ೧೯೫೪

ಅಂದಾನಪ್ಪ,

ಇದರೊಂದಿಗೆ ಹೆಸರುಗಳ ಯಾದಿ ಇದೆ. ಒಟ್ಟು ನೂರಾ ಅರವತ್ತಮೂರು ಸಾಲು.

ಆರು ತಿಂಗಳು ಪ್ರತಿ ಸಂಜೆ ಕೌದಿ ಹಾಸಿಕೊಂಡು ಕೂತೆವು. ಅವ್ವ ಒಂದೊಂದೇ ತುಂಡಿನ ಮೇಲೆ ಬೆರಳಾಡಿಸುವಳು: "ಇದು ಚಿಕ್ಕನರಗುಂದದ ಗೌಡರ ಆಳು. ಇದು ಶಿರೋಳದ ಚನ್ನವ್ವ, ಮದಿವಿ ಆದ ವರ್ಷ ಬಂದಿತ್ತು, ಹೊಸಾ ಸೀರಿ ಹರೀಬ್ಯಾಡ್ರಿ ಅಂತ ಅತ್ತಿದ್ಳು." ನಾನು ಬರೆದುಕೊಂಡೆ. ಆಮೇಲೆ ಭಾನುವಾರಗಳಂದು ಸೈಕಲ್ ಹತ್ತಿ ಊರೂರು ತಿರುಗಿದೆ. ಶಿರೋಳದಲ್ಲಿ ಚನ್ನವ್ವನ ಕೈ ನೋಡಬೇಕು ಎಂದದ್ದಕ್ಕೆ ಆಕೆಯ ಇಬ್ಬರು ಮಕ್ಕಳು ಬಡಿಗೆ ಹಿಡಿದುಕೊಂಡು ಬಂದರು. ಮುದುಕಿ ತಾನೇ ಹೊರಗೆ ಬಂದು ಬಳೆ ಹಿಂದೆ ಸರಿಸಿ ಗೆರೆ ತೋರಿಸಿದಳು. "ಬಾನುಬಿ ಮಗಾ ಏನ? ಒಳಗ ಬರ್ರಿ, ಮಜ್ಜಿಗಿ ಕುಡೀರಿ" ಎಂದಳು. ಬಡಿಗೆ ಹಿಡಿದವರೇ ಮಜ್ಜಿಗೆ ತಂದುಕೊಟ್ಟರು.

ಎಲ್ಲ ಕಡೆ ಮಜ್ಜಿಗೆ ಸಿಗಲಿಲ್ಲ. ಹೊಳೆಆಲೂರಿನ ಅರ್ಜುನಪ್ಪ ಹೋದ ವರ್ಷ ತೀರಿಕೊಂಡಿದ್ದ. ಹೆಂಡತಿ ಗೌರವ್ವನನ್ನು ಹೇಗೆ ಸತ್ತ ಎಂದು ಕೇಳಬೇಕಾಯಿತು. ಆಕೆ ತನ್ನದೇ ಬಲ ಪಕ್ಕೆಯ ಮೇಲೆ ಕೈಯಿಟ್ಟು, "ಇಲ್ಲೇ ನೋಡ್ರಿ. ತೆಂಗಿನಕಾಯಿಯಷ್ಟ ಆಗಿತ್ತು" ಎಂದಳು. ಸೈಕಲ್ ತುಳಿಯಲು ಮನಸ್ಸಾಗದೆ ರೋಣದವರೆಗೆ ತಳ್ಳಿಕೊಂಡೇ ಬಂದೆ.

ಯಾದಿಯನ್ನು ನಿಧಾನವಾಗಿ ಓದು. ಕೊನೆಯ ಸಾಲನ್ನು ಎರಡು ಸಲ ಓದು.

ಅವ್ವ ಹಾದಿ ನೋಡುತ್ತಿದ್ದಾಳೆ.

ಮೋದಿನ


ಮುಂಬಯಿ
೧೯ ಮಾರ್ಚ್ ೧೯೫೪

ನನ್ನ ಮೋದಿನ,

ನಿನ್ನ ಯಾದಿಗೆ ಇಡೀ ಹಿಂದುಸ್ತಾನದಲ್ಲಿ ಜೋಡಿ ಇಲ್ಲ! ನಮ್ಮ ಸಹಾಯಕ ಎರಡು ವಾರ ಕೂತು ಅದನ್ನು ಕೋಷ್ಟಕ ಮಾಡಿದ್ದಾನೆ. ನೂರಾ ಅರವತ್ತಮೂರು ಜನರಲ್ಲಿ ಗಡ್ಡೆಯಿಂದ ಸತ್ತವರು ಹನ್ನೊಂದು. ಕಾಮಣಿ ಬಾರದ ಅಷ್ಟೇ ಜನರಲ್ಲಿ ಒಬ್ಬ ಸಿಕ್ಕರೆ ಹೆಚ್ಚು. ಹನ್ನೊಂದು, ಮೋದಿನ! ನಿನ್ನೆ ಪ್ರಯೋಗಶಾಲೆಯಲ್ಲಿ ಆ ಸಂಖ್ಯೆಯನ್ನು ಜೋರಾಗಿ ಹೇಳಿದೆ, ನಕ್ಕೆ ಕೂಡ. ಆಮೇಲೆ ಅರ್ಜುನಪ್ಪ ನೆನಪಾದ.

ಲೇಖನ ಬರೆಯುತ್ತಿದ್ದೇನೆ. ಈ ಬೇಸಿಗೆಗೆ ಬರಲಾಗದು. ದೀಪಾವಳಿಗೆ ಖಂಡಿತ. ರೇಣುಕಾಳಿಗೂ ನಮ್ಮ ಗುಡ್ಡ ತೋರಿಸಬೇಕು. ಮದುವೆಯಾದಾಗಿನಿಂದ ಅದನ್ನೇ ಹೇಳಿ ಹೇಳಿ ಅವಳ ತಲೆ ತಿಂದಿದ್ದೇನೆ.

ಅಂದಾನಪ್ಪ


ಮುಂಬಯಿ
೧೮ ನವೆಂಬರ್ ೧೯೫೫

ಮೋದಿನ,

ನಾಲ್ಕು ಪತ್ರ ಹಾಕಿದೆ, ಒಂದಕ್ಕೂ ಉತ್ತರವಿಲ್ಲ. ಎರಡು ದೀಪಾವಳಿ ತಪ್ಪಿಸಿದ್ದಕ್ಕೆ ಸಿಟ್ಟೇ? ಸಿಟ್ಟು ಸರಿ. ಆದರೆ ಒಂದು ಸಂತೋಷ ಹಂಚಿಕೊಳ್ಳಲು ನನಗೆ ಇನ್ನೊಬ್ಬರಿಲ್ಲ.

ಲೇಖನ ಅಚ್ಚಾಗಿ ವರ್ಷವಾಯಿತು. ನಮ್ಮ ಲೋಕದಲ್ಲಿ ಮನುಷ್ಯನ ತೂಕ ಗೊತ್ತಾಗುವುದು ಹೀಗೆ: ಬೇರೊಬ್ಬ ಸಂಶೋಧಕ ಬರೆಯುವಾಗ ನಿನ್ನ ಮಾತನ್ನು ಆಧಾರವಾಗಿ ಹಿಡಿದು, ಲೇಖನದ ಕೊನೆಯಲ್ಲಿ ನಿನ್ನ ಹೆಸರು, ವರ್ಷ, ಪುಟ ಹಾಕುತ್ತಾನೆ. ಉಲ್ಲೇಖ ಎನ್ನುತ್ತಾರೆ. ನನ್ನ ಹಿಂದಿನ ಆರು ಲೇಖನಗಳನ್ನು ನನ್ನನ್ನು ಬಿಟ್ಟರೆ ಯಾರೂ ಉಲ್ಲೇಖಿಸಿಲ್ಲ. ಇದನ್ನು ಹದಿನಾಲ್ಕು ಜನ! ಲಂಡನ್ನಿನಿಂದ ಇಬ್ಬರು, ಆಫ್ರಿಕದ ಪಶ್ಚಿಮ ಕರಾವಳಿಯಿಂದ ಒಬ್ಬ. ಎಲ್ಲರೂ "ನೂರಾ ಅರವತ್ತಮೂರರಲ್ಲಿ ಹನ್ನೊಂದು" ಎಂದೇ ಬರೆಯುತ್ತಾರೆ. ಗ್ರಂಥಾಲಯದಲ್ಲಿ ಹೊಸ ಸಂಚಿಕೆ ಬಂತೆಂದರೆ ಮೊದಲು ಕೊನೆಯ ಪುಟ ತೆಗೆದು ನನ್ನ ಹೆಸರು ಹುಡುಕುತ್ತೇನೆ. ನಲವತ್ತು ವರ್ಷದ ಗಂಡಸು! ರೇಣುಕಾ ನಗುತ್ತಾಳೆ.

ಒಂದು ಸಾಲು ಬರಿ. ನಿನ್ನ ಬೈಗುಳವಾದರೂ ಕೇಳಬೇಕೆನ್ನಿಸಿದೆ.

ಅಂದಾನಪ್ಪ


ಗಜೇಂದ್ರಗಡ
೩ ಡಿಸೆಂಬರ್ ೧೯೫೫

ಅಂದಾನಪ್ಪ,

ನಿನ್ನ ಹೆಸರು ಹದಿನಾಲ್ಕು ಕಡೆ ಬಂತು. ಅವ್ವನ ಹೆಸರು ಎಷ್ಟು ಕಡೆ ಬಂತು? ನೀನು ಕಳಿಸಿದ ಲೇಖನವನ್ನು ನಮ್ಮ ಹೆಡ್‌ಮಾಸ್ತರರ ಕೈಯಲ್ಲಿ ಓದಿಸಿದೆ. "ಸ್ಥಳೀಯ ಹೆಂಗಸೊಬ್ಬಳಿಂದ ತಿಳಿದ ಪ್ರಕಾರ" ಎಂದಿದೆ. ಊರು ಇಲ್ಲ, ಹೆಸರು ಇಲ್ಲ. ಈ ಸಲ ಪತ್ರಿಕೆಯಲ್ಲಿ ಹೆಸರು ಹಾಕಬೇಕಾಗಿತ್ತು, ಹಾಕಲಿಲ್ಲ. ಹಾಕಬಾರದಿದ್ದಾಗ ಹಾಕಿದ್ದೆ.

ಉತ್ತರ ಬರೆಯದಿದ್ದುದಕ್ಕೆ ಕಾರಣ ಅದಲ್ಲ. ಹೇಳಲು ಹೆದರಿಕೆ. ಸತ್ತವರು ಹನ್ನೊಂದಲ್ಲ, ಹತ್ತು.

ಕೊನೆಯ ಸಾಲನ್ನು ಎರಡು ಸಲ ಓದು ಎಂದು ಬರೆದಿದ್ದೆ. ನೀನು ಒಂದು ಸಲವೂ ಓದಲಿಲ್ಲ. ನನ್ನ ಪ್ರತಿಯಲ್ಲಿ ಇದ್ದದ್ದನ್ನು ಇಳಿಸುತ್ತೇನೆ: "೧೬೩. ಅಂ. ಗಜೇಂದ್ರಗಡ. ಅರಳೆ ವ್ಯಾಪಾರಿಗಳ ಮಗ. ಒಂಬತ್ತನೆಯ ವರ್ಷಕ್ಕೆ ಕಾಮಣಿ. ಹೋದವನು ತಿರುಗಿ ಬರಲಿಲ್ಲ. ಕೈ ತೋರಿಸಲಿಲ್ಲ. ಬಲ ಪಕ್ಕೆಯಲ್ಲಿ ಗಡ್ಡೆ ಬೆಳೆದು ನಮ್ಮ ಪಾಲಿಗೆ ತೀರಿಕೊಂಡ."

ಗಡಿಗೆಯ ತಳದಲ್ಲಿ ನಿನ್ನ ನೀಲಿ ಗೆರೆಯ ಅಂಗಿಯ ತುಂಡು ಸಿಕ್ಕ ಸಂಜೆ ಬರೆದದ್ದು. ಅವ್ವ ಅದನ್ನು ಮುಟ್ಟಿ ನೋಡಿ ಗಡಿಗೆಗೇ ತಿರುಗಿ ಹಾಕಿದಳು. ನನಗೆ ಹೊಟ್ಟೆ ಉರಿಯಿತು. ಚುಚ್ಚಿ ಬರೆದರೆ ನೀನು ಓದಿ ಬೈಯುತ್ತೀ, ಬೈಯಲಾದರೂ ಓಡಿ ಬರುತ್ತೀ ಎಂದುಕೊಂಡೆ. ನಿನ್ನನ್ನು ನೀನೇ ಗುರುತಿಸದೆ ಸತ್ತವರಲ್ಲಿ ಸೇರಿಸಿಬಿಡುತ್ತೀ ಎಂದು ಕನಸಿನಲ್ಲೂ ಅನ್ನಿಸಲಿಲ್ಲ.

ಹೋದ ವರ್ಷದ ಮಾರ್ಚಿನಲ್ಲಿ ಹನ್ನೊಂದು ಎಂಬ ಸಂಖ್ಯೆ ನೋಡಿದಾಗಲೇ ಹೇಳಬೇಕಾಗಿತ್ತು. ನೀನು ಅಷ್ಟು ಸಂತೋಷವಾಗಿದ್ದೆ. ಬಾಯಿ ಬರಲಿಲ್ಲ.

ಮೋದಿನ


ಮುಂಬಯಿ
೧೧ ಜನವರಿ ೧೯೫೬

ಮೋದಿನಸಾಬರಿಗೆ,

ಪತ್ರ ತಲುಪಿತು. ಸಾಲುಗಳನ್ನು ಸಹಾಯಕ ಓದಿದ್ದ, ನಾನು ಮೊತ್ತ ಮಾತ್ರ ನೋಡಿದೆ. ತಪ್ಪು ನನ್ನದೇ. ಆದರೆ ನಿಮ್ಮ ಹುಡುಗಾಟಕ್ಕೆ ಬೇರೆ ಜಾಗ ಸಿಗಲಿಲ್ಲವೇ? ಹದಿನಾಲ್ಕು ಜನ ಈ ಸಂಖ್ಯೆಯ ಮೇಲೆ ಕಟ್ಟಡ ಕಟ್ಟಿದ್ದಾರೆ.

ತಿದ್ದುಪಡಿ ಕಳಿಸುತ್ತೇನೆ.

ಅಂದಾನಪ್ಪ


ಮುಂಬಯಿ
೨೨ ಸೆಪ್ಟೆಂಬರ್ ೧೯೫೬

ಮೋದಿನ,

ತಿದ್ದುಪಡಿ ಕಳಿಸಿಲ್ಲ. ಜನವರಿಯಲ್ಲೇ ಬರೆದು ಲಕೋಟೆಗೆ ಹಾಕಿ ಮೇಜಿನ ಖಾನೆಯಲ್ಲಿಟ್ಟೆ. ಒಂದು ತಪ್ಪೆಂದರೆ ಉಳಿದ ಹತ್ತನ್ನೂ ನಂಬುವುದಿಲ್ಲ ಎಂದು ಹೆದರಿದೆ. ನಡುವೆ ಉಲ್ಲೇಖಗಳು ಇಪ್ಪತ್ತಮೂರಾದವು. ಈಗ ಒಂದೊಂದು ಬಂದಾಗಲೂ ಸಂಚಿಕೆಯನ್ನು ಮುಚ್ಚಿ ಕಪಾಟಿಗೆ ತಿರುಗಿ ಇಡುತ್ತೇನೆ.

ಹೋದ ವಾರ ಸ್ನಾನ ಮಾಡುವಾಗ ಬಲ ಪಕ್ಕೆಯ ಕೆಳಗೆ ಏನೋ ಕೈಗೆ ಹತ್ತಿತು. ಇನ್ನೊಬ್ಬರ ಹೊಟ್ಟೆಯಲ್ಲಿ ನೂರಾರು ಸಲ ಮುಟ್ಟಿ ನೋಡಿದ್ದೇನೆ, ನನಗೆ ಮೋಸವಾಗುವುದಿಲ್ಲ. ಗೆಳೆಯರು ಪರೀಕ್ಷೆ ಮಾಡಿ ಮುಖ ತಿರುಗಿಸಿ ಮಾತಾಡಿದರು. ಆ ರೀತಿಯೂ ನನಗೆ ಗೊತ್ತು, ನಾನೂ ಹಾಗೇ ಮಾತಾಡುತ್ತಿದ್ದೆ.

ಇನ್ನು ತಿದ್ದುಪಡಿಯ ಅವಶ್ಯಕತೆ ಇಲ್ಲವೇನೋ. ಸ್ವಲ್ಪ ತಡೆದರೆ ಹನ್ನೊಂದು ತಾನಾಗಿ ಸರಿಯಾಗುತ್ತದೆ.

ನೀನು ಬರೆದ ಸಾಲಿನಿಂದ ಹೀಗಾಯಿತು ಎಂದು ತಿಳಿಯುವವನು ನೀನು. ತಿಳಿಯಬೇಡ. ಒಂಬತ್ತನೆಯ ವರ್ಷದ ಕಾಮಣಿ ಮೂವತ್ತೆರಡು ವರ್ಷ ಕಾದು ಬಂದಿದೆ, ನಾನೇ ಅಚ್ಚು ಹಾಕಿಸಿದ ಹಾಗೆ. ನನ್ನ ಸಂಶೋಧನೆ ಸರಿ ಇತ್ತು, ಮೋದಿನ. ಅದಕ್ಕೆ ಸಂತೋಷಪಡಬೇಕು.

ಆಗುತ್ತಿಲ್ಲ. ನಮ್ಮ ಗುಡ್ಡ ನೆನಪಾಗುತ್ತದೆ. ನಿಮ್ಮ ಮಗ್ಗದ ಸಪ್ಪಳ ನೆನಪಾಗುತ್ತದೆ.

ನಿನ್ನ
ಅಂದಾನಿ


ಗಜೇಂದ್ರಗಡ
೧ ಅಕ್ಟೋಬರ್ ೧೯೫೬

ಅಂದಾನಿ,

ಸಂಖ್ಯೆ ಹಾಳಾಗಿ ಹೋಗಲಿ. ನೀನು ಬಾ.

ನೀನು ಎಷ್ಟೇ ಬೇಡವೆಂದರೂ ನನ್ನ ಈ ಬಲಗೈ ನೋಡಿದರೆ ಅಸಹ್ಯವಾಗುತ್ತದೆ. ಎರಡು ದಿನ ಹಲಗೆಯ ಮೇಲೆ ಅಕ್ಷರ ಬರೆಯಲಾಗಲಿಲ್ಲ. ಹುಡುಗರಿಗೆ ಬಾಯಿಪಾಠ ಹೇಳಿಸಿ ಸಾಲಿ ಬಿಟ್ಟೆ.

ಅವ್ವನಿಗೆ ಹೇಳಿದೆ. ಸುಳ್ಳು ಹೇಳಲಾಗಲಿಲ್ಲ. "ಅವಗ ಲಗೂ ಬರಾಕ ಹೇಳು. ನನ್ನ ಬೆರಳರ ಇನ್ನೂ ಅದಾವು" ಎಂದಳು. ಕಣ್ಣು ಈಗ ಪೂರ್ತಿ ಹೋಗಿವೆ.

ಸೊಲ್ಲಾಪುರದಲ್ಲಿ ಗಾಡಿ ಬದಲಿಸಿ ಹೊಳೆಆಲೂರಿನಲ್ಲಿ ಇಳಿ. ಹೊಳೆ ಇಳಿದಿದೆ, ದಾರಿ ಚಲೋ ಇದೆ. ಫಕ್ರುಸಾಬನ ಸವಾರಿ ಗಾಡಿ ತಂದು ನಿಲ್ದಾಣದಲ್ಲಿ ನಿಂತಿರುತ್ತೇನೆ. ಹುಲ್ಲಿನ ಮೇಲೆ ಎರಡು ಗಾದಿ ಹಾಸುತ್ತೇನೆ, ಅಲುಗಾಡದ ಹಾಗೆ ಕರೆದುಕೊಂಡು ಬರುತ್ತೇನೆ. ಮುಂದಿನ ತಿಂಗಳು ನಮ್ಮ ಊರು ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರುತ್ತದಂತೆ. ಅದಕ್ಕೂ ಮೊದಲೇ ಬಾ. ಯಾವ ದಿನ ಎಂದು ತಿಳಿಸಬೇಡ, ತಿಳಿಸಿದರೆ ತಪ್ಪಿಸುತ್ತೀ. ಹದಿನೈದರಿಂದ ನಾನು ದಿನಾ ಗಾಡಿ ಬರುವ ಹೊತ್ತಿಗೆ ಅಲ್ಲಿರುತ್ತೇನೆ. ಸಾಲಿಗೆ ರಜೆ ಬರೆದುಕೊಟ್ಟಿದ್ದೇನೆ.

ಮೋದಿನ


ಮುಂಬಯಿ
೬ ಡಿಸೆಂಬರ್ ೧೯೫೬

ಮೋದಿನ,

ಹಾಸಿಗೆಯಲ್ಲಿ ಒರಗಿಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟವಾದರೆ ಮಾಸ್ತರಿಕೆ ತೋರಿಸಬೇಡ.

ನಿಮ್ಮ ಮನೆಯಲ್ಲಿ ಕಳೆದ ನಾಲ್ಕು ದಿನವನ್ನೇ ದಿನಾ ತಿರುವಿ ಹಾಕುತ್ತೇನೆ. ಅವ್ವ ನನ್ನ ಅಂಗಿಯ ತೋಳನ್ನು ತಾನೇ ಮಡಚಿದಳು. ಮೂರು ಗೆರೆಗಳ ಮೇಲೆ ಎಷ್ಟು ಹೊತ್ತು ಬೆರಳಾಡಿಸಿದಳು! "ಇಷ್ಟ್ಯಾಕ ತಡಾ ಮಾಡಿದ್ಯೋ ಮಗನ" ಎಂದಳು. ನಾನು ಅತ್ತದ್ದನ್ನು ನೀನು ನೋಡಿದೆ. ಆಮೇಲೆ ಕೌದಿ ತಾ ಎಂದಳು. ಸೂಜಿಗೆ ದಾರ ಪೋಣಿಸಿಕೊಟ್ಟವನು ನಾನು. ಏಳೆಂಟು ಸಲ ತಪ್ಪಿತು, ಆಕೆ ಕಾಯ್ದಳು. ನೀಲಿ ತುಂಡನ್ನು ಆಕೆ ಹೊಲಿಯುವಾಗ ನನಗೆ ಎಂಥ ಸಮಾಧಾನವಾಯಿತು ಎಂದರೆ, ಡಾಕ್ಟರನಾಗಿ ಅದನ್ನು ಹೇಳಲು ಸಂಕೋಚವಾಗುತ್ತದೆ. ಗಡ್ಡೆ ಗಡ್ಡೆಯೇ. ಆದರೂ ಅಂದು ನಿದ್ದೆ ಬಂತು.

ಊರಿಂದ ಬಂದ ಮರುದಿನ ಖಾನೆಯ ಲಕೋಟೆ ಹರಿದು, ತಿದ್ದುಪಡಿಯನ್ನು ಹೊಸದಾಗಿ ಬರೆದು ಕಳಿಸಿದೆ. ಇನ್ನೊಂದಿಷ್ಟು ದಿನ ಬದುಕಿರಬೇಕೆಂಬ ಆಸೆ ಬಹಳ ಇದೆ, ಮೋದಿನ. ಮಗ್ಗಕ್ಕೆ ಎಣ್ಣೆ ಹಾಕಿಡು.

ಅಂದಾನಿ


ಮುಂಬಯಿ
೧೪ ಏಪ್ರಿಲ್ ೧೯೫೭

ಮೋದಿನಸಾಬ ಅಣ್ಣನವರಿಗೆ,

ತಂತಿ ಮುಟ್ಟಿರಬೇಕು. ಫೆಬ್ರವರಿ ಇಪ್ಪತ್ತಕ್ಕೆ ಹೋದರು. ಇಷ್ಟು ದಿನ ಬರೆಯಲಾಗಲಿಲ್ಲ.

ಅವರ ತಿದ್ದುಪಡಿ ಈ ತಿಂಗಳ ಸಂಚಿಕೆಯಲ್ಲಿ ಬಂದಿದೆ. ಅವರ ಸಹಾಯಕರು ಕನ್ನಡ ಮಾಡಿಕೊಟ್ಟರು: "ಮೃತರು ಹನ್ನೊಂದಲ್ಲ, ಹತ್ತು. ಹನ್ನೊಂದನೆಯ ವ್ಯಕ್ತಿ ಈ ಲೇಖಕನೇ. ಲೇಖನ ಅಚ್ಚಾದಾಗ ಅವನಿಗೆ ರೋಗವಿರಲಿಲ್ಲ, ಈಗ ಇದೆ. ಈ ಎಲ್ಲ ಮಾಹಿತಿಯ ಮೂಲ: ಬಾನುಬಿ, ಗಜೇಂದ್ರಗಡ. ಸಂಗ್ರಹಿಸಿದವರು: ಮೋದಿನಸಾಬ, ಶಾಲಾ ಶಿಕ್ಷಕ. ಮುಂದೆ ಉಲ್ಲೇಖಿಸುವವರು ಈ ಹೆಸರುಗಳನ್ನು ಬಿಡಬಾರದು."

ಅವರು ಇರುವಾಗಲೇ ಇದು ಬಂದಿದ್ದರೆ ಕೊನೆಯ ಪುಟವನ್ನು ಮೊದಲು ತೆಗೆಯುತ್ತಿದ್ದರು. ಅವರ ಕಾಗದಪತ್ರಗಳನ್ನೆಲ್ಲ ಪ್ರಯೋಗಶಾಲೆಗೆ ಒಪ್ಪಿಸಬೇಕಾಗಿದೆ. ಯಾದಿಯ ಮೂಲ ಪ್ರತಿಯನ್ನು ನಿಮಗೆ ಕಳಿಸಿದ್ದೇನೆ. ಕೊನೆಯ ಸಾಲನ್ನು ನೀವೇ ಸರಿಪಡಿಸಿ ಕಳಿಸಬೇಕೆಂದು ಅವರು ಹೇಳಿದ್ದರು.

ರೇಣುಕಾ


ಗಜೇಂದ್ರಗಡ
೨೮ ಏಪ್ರಿಲ್ ೧೯೫೭

ರೇಣುಕಾ ವೈನಿಯವರಿಗೆ,

ಅಚ್ಚಾದ ಹೆಸರನ್ನು ಅವ್ವನಿಗೆ ಓದಿ ಹೇಳಿದೆ. "ನನ್ನ ಹೆಸರು ತಗೊಂಡು ಅವರೇನ ಮಾಡ್ತಾರ?" ಎಂದಳು. ಹಾಳೆಯನ್ನು ಮಾತ್ರ ಮಡಚಿ ಸೂಜಿ ಡಬ್ಬಿಯಲ್ಲಿಟ್ಟುಕೊಂಡಿದ್ದಾಳೆ.

ತಂತಿ ಬಂದ ದಿನದ ಸಂಗತಿಯನ್ನು ನಿಮಗೆ ಹೇಳಬೇಕು. ಅವ್ವ ಕೌದಿ ಹುಡುಕಿ ತಂದು ತೊಡೆಯ ಮೇಲೆ ಹಾಸಿಕೊಂಡಳು. ತಡಕಾಡಿ ನೀಲಿ ತುಂಡು ಸಿಕ್ಕ ಮೇಲೆ ಅದರ ಮೇಲೆ ಕೈಯಿಟ್ಟು ಕೂತಳು. ನಾನು ಅಳುತ್ತಿದ್ದೆ. "ಸುಮ್ಮನಿರೋ. ಕೈ ತೋರಿಸಿ ಹೋಗ್ಯಾನ ಅವ" ಎಂದಳು. ಆ ರಾತ್ರಿ ಕೌದಿಯನ್ನು ಮಡಚಲಿಲ್ಲ, ಹೊದ್ದುಕೊಂಡಳು. ನಲವತ್ತು ವರ್ಷದಲ್ಲಿ ಆಕೆ ಅದನ್ನು ಹೊದ್ದದ್ದು ನಾನು ನೋಡಿದ್ದು ಅದೇ ಮೊದಲು.

ಯಾದಿಯನ್ನು ತಿರುಗಿ ಕಳಿಸಿದ್ದೇನೆ. ಕೊನೆಯ ಸಾಲಿನಲ್ಲಿ ನಾನು ಬರೆದಿದ್ದನ್ನು ಹೊಡೆದು ಹಾಕಿದ್ದೇನೆ. ನಾಲ್ಕು ದಿನ ಕೂತು ಬರೆದೆ, ಇಷ್ಟೇ ಆಯಿತು. ಇದನ್ನು ಅವನ ಕಾಗದಗಳಲ್ಲಿ ಎಲ್ಲಕ್ಕಿಂತ ಮೇಲೆ ಇಡಬೇಕೆಂದು ಕೈ ಮುಗಿದು ಕೇಳುತ್ತೇನೆ.

"೧೬೩. ಅಂದಾನಪ್ಪ. ಗಜೇಂದ್ರಗಡ. ಒಂಬತ್ತನೆಯ ವರ್ಷಕ್ಕೆ ಕಾಮಣಿ. ಹೋದವನು ತಿರುಗಿ ಬಂದ. ಕೈ ತೋರಿಸಿದ."

ನಿಮ್ಮ ಮೈದುನ
ಮೋದಿನಸಾಬ